ಹಳೇ ಡೆಸ್ಕ್‌ಟಾಪ್ ಕೊಳ್ಳೋರು ಮೊದಲು ಪ್ರೊಸೆಸರ್‌ನ ಹಲ್ಲು ನೋಡಿ

ಈ ವಾರ ಗೊಬ್ಬರ, ಕೀಟ, ಕಸಿ ಯಾವುದೂ ಅಲ್ಲ. ಹಳೇ ಕಂಪ್ಯೂಟರ್ ವಿಷಯ.

ಹೋದ ತಿಂಗಳು ಪಕ್ಕದ ತೋಟದ ಹುಡುಗ ಸಂಜೆ ಹೊತ್ತಲ್ಲಿ ಫೋನ್ ಹಿಡ್ಕೊಂಡು ಬಂದ. "ಅಣ್ಣ, ಐ7 ಕಂಪ್ಯೂಟರ್, ಮಾನಿಟರ್ ಸಮೇತ 9,000ಕ್ಕೆ ಕೊಡ್ತಾರಂತೆ. ಅಡ್ವಾನ್ಸ್ ಹಾಕ್ಬಿಡ್ಲಾ?" ಅಂದ. ಫೋಟೋದಲ್ಲಿ ಒಂದು ಕಪ್ಪು ಡಬ್ಬ, ಮುಂದುಗಡೆ ಹೊಳೆಯೋ ನೀಲಿ ಸ್ಟಿಕ್ಕರ್. "ಐ7 ಸರಿ, ಅದರ ಮುಂದಿನ ನಂಬರ್ ಯಾವುದು?" ಅಂತ ಕೇಳಿದೆ. "ಐ7 ಅಂದ್ರೆ ಐ7 ಅಣ್ಣ" ಅಂದ.

2021ರಲ್ಲಿ ನಾನೂ ಹೀಗೇ ಅಂದ್ಕೊಂಡಿದ್ದೆ. ತಾಲೂಕು ಕೇಂದ್ರದ ಒಂದು ಅಂಗಡಿಯಲ್ಲಿ "ಐ7 ಸಾರ್, ಇದಕ್ಕಿಂತ ಮೇಲೆ ಯಾವುದೂ ಇಲ್ಲ" ಅಂತ ಹೇಳಿದ್ದನ್ನ ನಂಬಿ 14,500 ರೂಪಾಯಿ ಕೊಟ್ಟು ಒಂದು ಟವರ್ ತಂದೆ. ಅದು ಹನಿ ನೀರಾವರಿಯ ಫಿಲ್ಟರ್ ಬದಲಿಸೋಕೆ ಅಂತ ಎತ್ತಿಟ್ಟಿದ್ದ ದುಡ್ಡು. ಜೀವಾಮೃತ ಬಿಡೋ ತೋಟದಲ್ಲಿ ಫಿಲ್ಟರ್ ಸರಿ ಇಲ್ಲಾಂದ್ರೆ ಏನಾಗುತ್ತೆ ಅಂತ ನಿಮಗೆ ಗೊತ್ತೇ ಇದೆ. ಆ ಬೇಸಿಗೆಯೆಲ್ಲಾ ನಾನೂ ಅಮ್ಮನೂ ಕಟ್ಟಿಕೊಂಡ ಡ್ರಿಪ್ಪರ್‌ಗಳನ್ನ ಒಂದೊಂದಾಗಿ ಬಿಚ್ಚಿ ತೊಳೆದಿದ್ದೀವಿ.

ಮನೆಗೆ ತಂದಮೇಲೆ ಕಂಪ್ಯೂಟರ್ ಮೊದಲ ದಿನದಿಂದಲೇ ಏದುಸಿರು ಬಿಡ್ತಿತ್ತು. ಬ್ರೌಸರ್‌ನಲ್ಲಿ ನಾಲ್ಕು ಪುಟ ತೆರೆದು, ಪಕ್ಕದಲ್ಲಿ ಲೆಕ್ಕದ ಶೀಟ್ ಇಟ್ಟರೆ ಸಾಕು, ಮೌಸ್ ನಿಂತಲ್ಲೇ ನಿಲ್ಲೋದು. ಯಾವ ಪ್ರೊಸೆಸರ್ ಅಂತ ಆಮೇಲೆ ನೋಡಿದೆ: ಐ7-860. ಇಂಟೆಲ್ ಅದನ್ನ ಮಾರುಕಟ್ಟೆಗೆ ಬಿಟ್ಟಿದ್ದು 2009ರಲ್ಲಿ. ನಾನು ಕೊಳ್ಳೋ ಹೊತ್ತಿಗೆ ಅದಕ್ಕೆ ಹನ್ನೆರಡು ವರ್ಷ. ಹನ್ನೊಂದು ತಿಂಗಳಿಗೆ ಪರದೆ ಕಪ್ಪಾಯ್ತು. ಆ ಪ್ರೊಸೆಸರ್‌ಗೆ ಸ್ವಂತ ಗ್ರಾಫಿಕ್ಸ್ ಇಲ್ಲ, ಅದಕ್ಕೇ ಒಂದು ಹಳೇ ಗ್ರಾಫಿಕ್ಸ್ ಕಾರ್ಡ್ ಸಿಕ್ಕಿಸಿಟ್ಟಿದ್ರು, ಆ ಕಾರ್ಡ್ ಸುಟ್ಟುಹೋಗಿತ್ತು. ಸರಿಯಾಗಿ ಅದೇ ವಾರ ನಮ್ಮ ಸಾವಯವ ಗುಂಪಿನ ಏಳು ಜನರ ಪಿಜಿಎಸ್ ದಾಖಲೆ ಕೊಡಬೇಕಿತ್ತು, ಎಲ್ಲಾ ಆ ಡಬ್ಬದೊಳಗೇ. ಡಿಸ್ಕ್ ಬಿಚ್ಚಿಕೊಂಡು ಪಟ್ಟಣಕ್ಕೆ ಹೋಗಿ, ಸ್ನೇಹಿತನ ಕಂಪ್ಯೂಟರ್‌ಗೆ ಹಾಕಿ ಫೈಲ್ ತೆಗೆಯೋದ್ರಲ್ಲಿ ಮೂರು ದಿನ ಹೋಯ್ತು. ನನ್ನ ಒಬ್ಬನ ದಾಖಲೆ ಆಗಿದ್ರೆ ಬೇರೆ ಮಾತು. ಉಳಿದ ಆರು ಜನಕ್ಕೆ ಮುಖ ತೋರಿಸೋದು ಕಷ್ಟವಾಗಿತ್ತು.

ಅಮ್ಮ ಒಂದೇ ಮಾತು ಕೇಳಿದ್ದು: "ಹಸ ಕೊಳ್ಳೋವಾಗ ಬಾಯಿ ಬಿಡಿಸಿ ಹಲ್ಲು ನೋಡ್ತೀಯಲ್ಲ, ಇದಕ್ಕೆ ಏನು ನೋಡ್ದೆ?"

ಹಲ್ಲು ಎಲ್ಲಿದೆ?

ಸಂತೆಯಲ್ಲಿ ದಲ್ಲಾಳಿ ಎತ್ತಿನ ಕೊಂಬಿಗೆ ಎಣ್ಣೆ ಸವರಿ ನಿಲ್ಲಿಸಿರ್ತಾನೆ. ನಮ್ಮ ಅಪ್ಪ ಕೊಂಬು ನೋಡ್ತಿರಲಿಲ್ಲ, ನೇರ ಬಾಯಿಗೆ ಕೈ ಹಾಕ್ತಿದ್ರು. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಅಂತ ವಯಸ್ಸು ಗೊತ್ತಾದ ಮೇಲೇ ಮಾತು. ಪ್ರೊಸೆಸರ್‌ಗೂ ಅಂಥದ್ದೊಂದು ಹಲ್ಲಿದೆ. ಐ3, ಐ5, ಐ7 ಅನ್ನೋದು ಎಣ್ಣೆ ಸವರಿದ ಕೊಂಬು. ಅದರ ಮುಂದೆ ಅಡ್ಡಗೆರೆ ಹಾಕಿ ಬರೆದಿರೋ ನಂಬರ್ರೇ ಹಲ್ಲು.

ಉದಾಹರಣೆಗೆ ಐ5-6500 ಅಂತ ಇದ್ದರೆ, ಮೊದಲ ಅಂಕಿ 6. ಅಂದ್ರೆ ಆರನೇ ತಲೆಮಾರು, ಅಂಗಡಿಯವರ ಬಾಯಲ್ಲಿ ಸಿಕ್ಸ್ತ್ ಜನರೇಶನ್. ಐ5-3470 ಅಂದ್ರೆ ಮೂರನೆಯದು. ಐ3-8100 ಅಂದ್ರೆ ಎಂಟನೆಯದು. ಐದು ಅಂಕಿ ಇದ್ದರೆ ಮೊದಲ ಎರಡು ಅಂಕಿ ನೋಡಬೇಕು: ಐ5-10400 ಹತ್ತನೇ ತಲೆಮಾರು. ಬರೀ ಮೂರೇ ಅಂಕಿ ಇದ್ದರೆ, ನನ್ನ 860ರ ಹಾಗೆ, ಅದು ಮೊದಲನೇ ತಲೆಮಾರು, ಮುಟ್ಟೋಕೇ ಹೋಗಬೇಡಿ. ಇನ್ನೂ ಹಳೆಯದು ಕೋರ್ 2 ಡ್ಯುಯೊ. ಅದು ಕಂಪ್ಯೂಟರ್ ಅಂಗಡಿಗಿಂತ ಗುಜರಿ ಅಂಗಡಿಗೆ ಹತ್ತಿರ.

ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಹುಟ್ಟಿದ ವರ್ಷ ಹೀಗಿದೆ. ಎರಡನೇ ತಲೆಮಾರು 2011, ಮೂರನೆಯದು 2012, ನಾಲ್ಕನೆಯದು 2013, ಆರನೆಯದು 2015, ಏಳನೆಯದು 2017ರ ಜನವರಿ, ಎಂಟನೆಯದು ಅದೇ 2017ರ ಅಕ್ಟೋಬರ್, ಒಂಬತ್ತನೆಯದು 2018, ಹತ್ತನೆಯದು 2020. ಐದನೆಯದು ಡೆಸ್ಕ್‌ಟಾಪ್‌ನಲ್ಲಿ ಬಂದಿದ್ದೇ ಕಮ್ಮಿ, ಮರೆತುಬಿಡಿ. ಈ ಸಾಲನ್ನ ಒಂದು ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ, ಅಂಗಡಿಯಲ್ಲಿ ಬೇಕಾಗುತ್ತೆ.

ಏಳಕ್ಕೂ ಎಂಟಕ್ಕೂ ನಡುವೆ ಒಂದು ಬದು

ಏಳನೇ ತಲೆಮಾರು ಮತ್ತು ಎಂಟನೇ ತಲೆಮಾರು ಒಂದೇ ವರ್ಷ ಹುಟ್ಟಿದ್ದು, ಆದ್ರೆ ಎರಡರ ನಡುವೆ ಎರಡು ಕಾರಣಕ್ಕೆ ದೊಡ್ಡ ವ್ಯತ್ಯಾಸ ಇದೆ.

ಒಂದು, ಕೋರ್‌ಗಳ ಸಂಖ್ಯೆ. ಕೋರ್ ಅಂದ್ರೆ ಪ್ರೊಸೆಸರ್ ಒಳಗೆ ದುಡಿಯೋ ಆಳು ಅಂದ್ಕೊಳ್ಳಿ. ಎರಡನೆಯದರಿಂದ ಏಳನೇ ತಲೆಮಾರಿನವರೆಗೆ ಡೆಸ್ಕ್‌ಟಾಪ್ ಐ3 ಅಂದ್ರೆ ಎರಡು ಆಳು, ಐ5 ಅಂದ್ರೆ ಸಾಮಾನ್ಯವಾಗಿ ನಾಲ್ಕು ಆಳು. ಐ7ರಲ್ಲೂ ನಾಲ್ಕೇ ಆಳು, ಆದ್ರೆ ಒಬ್ಬೊಬ್ಬ ಆಳೂ ಎರಡೆರಡು ಸಾಲು ನೋಡ್ಕೊಳ್ತಾನೆ. ಎಂಟನೇ ತಲೆಮಾರಿಗೆ ಬಂದಾಗ ಇಂಟೆಲ್ ಆಳು ಹೆಚ್ಚಿಸಿತು. ಐ3ಗೆ ನಾಲ್ಕು, ಐ5ಗೆ ಆರು. ಅಂದ್ರೆ ಐ3-8100 ನಿಮ್ಮ ಕೆಲಸಕ್ಕೆ ಐ5-7500ಕ್ಕೆ ಸಮಸಮ ನಿಲ್ಲುತ್ತೆ. ಆದ್ರೂ ಅಂಗಡಿಯಲ್ಲಿ "ಇದು ಬರೀ ಐ3" ಅಂತ ಅದರ ಬೆಲೆ ಕಮ್ಮಿ ಇರುತ್ತೆ. ಹೆಸರಿನ ಮೋಹ ಇಲ್ಲದವನಿಗೆ ಅಲ್ಲಿ ಲಾಭ.

ಎರಡು, ವಿಂಡೋಸ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ನಿಲ್ಲಿಸಿತು. ವಿಂಡೋಸ್ 11ಕ್ಕೆ ಅಧಿಕೃತವಾಗಿ ಬೇಕಾಗಿರೋದು ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದು. ಅದಕ್ಕೇ ಕಂಪನಿ, ಕಚೇರಿಗಳು ಆರು, ಏಳನೇ ತಲೆಮಾರಿನ ಯಂತ್ರಗಳನ್ನ ಲಾಟ್ ಲಾಟಾಗಿ ಹೊರಗೆ ಹಾಕ್ತಿವೆ, ಅವೇ ನಮ್ಮ ಕಡೆ ಬರ್ತಿರೋದು. ಯಂತ್ರ ಕೆಟ್ಟಿರಲ್ಲ. ಆದ್ರೆ ಎಷ್ಟೋ ಮಾರಾಟಗಾರರು ಅದಕ್ಕೆ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿ "ಹೊಸ ವಿಂಡೋಸ್ ಓಡ್ತಾ ಇದೆ ನೋಡಿ" ಅಂತ ತೋರಿಸ್ತಾರೆ. ಓಡುತ್ತೆ ನಿಜ. ಮುಂದೆ ಅಪ್‌ಡೇಟ್ ಬರುತ್ತೆ ಅನ್ನೋ ಖಾತ್ರಿ ಇಲ್ಲ. ಬ್ಯಾಂಕ್ ವ್ಯವಹಾರ, ಗ್ರಾಹಕರ ನಂಬರ್‌ಗಳು, ಗುಂಪಿನ ದಾಖಲೆ ಇರೋ ಯಂತ್ರದಲ್ಲಿ ಆ ರಿಸ್ಕ್ ನಾನು ತಗೊಳ್ಳಲ್ಲ.

ಹಾಗಂತ ಆರು, ಏಳನೇ ತಲೆಮಾರನ್ನ ತಳ್ಳಿಹಾಕ್ಬೇಡಿ. ಲಿನಕ್ಸ್ ಕಲಿಯೋಕೆ ತಯಾರಿದ್ರೆ ಐ5-6500 ಈಗ್ಲೂ ಒಳ್ಳೇ ದುಡಿಯೋ ಎತ್ತು. ಲಿನಕ್ಸ್ ಮಿಂಟ್ ಉಚಿತ, ಅದರಲ್ಲಿ ಕಗಪ ಕೀಲಿಮಣೆ ವಿನ್ಯಾಸವೂ ಸಿಗುತ್ತೆ, ಕನ್ನಡ ಟೈಪ್ ಮಾಡೋದು ನಿಲ್ಲಲ್ಲ. ಆದ್ರೆ ನುಡಿ ತಂತ್ರಾಂಶ ವಿಂಡೋಸ್‌ಗೆ ಅಂತ ಮಾಡಿರೋದು. ಹಳೇ ನುಡಿ ಫೈಲ್‌ಗಳು ನಿಮ್ಮ ಹತ್ರ ರಾಶಿ ಇದ್ರೆ, ಅಥವಾ ಪೆನ್‌ಡ್ರೈವ್‌ನ ಡಿಜಿಟಲ್ ಸಹಿ ಬಳಸೋರಾಗಿದ್ರೆ, ವಿಂಡೋಸ್ ಮತ್ತು ಎಂಟನೇ ತಲೆಮಾರೇ ನೆಮ್ಮದಿ.

ಯಾರಿಗೆ ಎಷ್ಟು ಸಾಕು

"ಅಣ್ಣ, ಫೋನ್ ಇದೆಯಲ್ಲ, ಕಂಪ್ಯೂಟರ್ ಯಾಕೆ?" ಅಂತ ಕೇಳೋರೂ ಇದ್ದಾರೆ. ಪಹಣಿ ನೋಡೋಕೆ, ದರ ನೋಡೋಕೆ ಫೋನ್ ಸಾಕು. ಆದ್ರೆ 60 ಮನೆಗೆ ವಾರದ ತರಕಾರಿ ಬುಟ್ಟಿ ಕಳಿಸೋವಾಗ, ಯಾರಿಗೆ ಏನು, ಯಾರ ಬಾಕಿ ಎಷ್ಟು ಅಂತ ಆರಿಂಚಿನ ಪರದೆಯಲ್ಲಿ ಶೀಟ್ ತಿದ್ದಿ ನೋಡಿ, ಗೊತ್ತಾಗುತ್ತೆ. ಲೇಬಲ್ ಪ್ರಿಂಟ್ ಮಾಡೋದು, ಜಿಎಸ್‌ಟಿ ಬಿಲ್, ನರ್ಸರಿಯ ದಾಸ್ತಾನು ಇವೆಲ್ಲಾ ಡೆಸ್ಕ್‌ಟಾಪ್ ಕೆಲಸ.

ಇಷ್ಟೇ ಕೆಲಸ ಇದ್ದರೆ ಐ3-8100 ಸಾಕು, ಅದಕ್ಕಿಂತ ಹೆಚ್ಚು ಖರ್ಚು ಮಾಡ್ಬೇಡಿ. ತೋಟದ ವಿಡಿಯೋ ಕತ್ತರಿಸಿ ಜೋಡಿಸಿ ಹಾಕೋರು, ಕ್ಯೂಜಿಐಎಸ್‌ನಲ್ಲಿ ಜಮೀನಿನ ನಕ್ಷೆ ಮಾಡೋರು ಐ5-8400 ಅಥವಾ ಐ5-8500 ನೋಡಿ, ಆರು ಕೋರ್ ಇವೆ. ಬರೀ ಯೂಟ್ಯೂಬ್ ನೋಡೋದು, ಆನ್‌ಲೈನ್ ಕ್ಲಾಸು ಅಂದ್ರೂ ಏಳನೇ ತಲೆಮಾರು ಅಥವಾ ಆಮೇಲಿನದು ಒಳ್ಳೇದು. ಯೂಟ್ಯೂಬ್ ಹೆಚ್ಚಾಗಿ ಬಳಸೋ ವಿಪಿ9 ಅನ್ನೋ ವಿಡಿಯೋ ಮಾದರಿಯನ್ನ ಬಿಡಿಸೋಕೆ ಏಳನೆಯದರಿಂದ ಪ್ರೊಸೆಸರ್ ಒಳಗೇ ಪೂರ್ತಿ ವ್ಯವಸ್ಥೆ ಇದೆ. ಹಳೆಯದರಲ್ಲಿ ಆ ಕೆಲಸ ಬಹುಪಾಲು ಕೋರ್‌ಗಳ ತಲೆ ಮೇಲೆ ಬೀಳುತ್ತೆ, ಫ್ಯಾನ್ ಜೋರಾಗಿ ಕೂಗೋಕೆ ಶುರುವಾಗುತ್ತೆ.

ಎಎಂಡಿ ಬಗ್ಗೆ ಜಾಸ್ತಿ ಹೇಳಲ್ಲ, ನಮ್ಮ ಕಡೆ ಹಳೇ ಮಾಲಿನಲ್ಲಿ ಅದು ಕಾಣಿಸೋದೇ ಕಮ್ಮಿ. ರೈಜೆನ್ 3 3200ಜಿ ಸಿಕ್ಕಿದ್ರೆ ಧೈರ್ಯವಾಗಿ ತಗೊಳ್ಳಿ, ನಾಲ್ಕು ಕೋರ್, ಒಳ್ಳೇ ಗ್ರಾಫಿಕ್ಸ್, ವಿಂಡೋಸ್ 11ಕ್ಕೂ ಅರ್ಹ. ಎ6, ಎ8 ಅಂತ ಹೆಸರಿರೋ ಹಳೇ ಎಎಂಡಿ ಬೇಡ. ಪೆಂಟಿಯಮ್, ಸೆಲೆರಾನ್ ಹೆಸರಿನ ಹಳೇವೂ ಬೇಡ.

ಕೊನೇ ಅಕ್ಷರ

ನಂಬರ್ ಆದ್ಮೇಲೆ ಕೆಲವು ಸಲ ಒಂದು ಇಂಗ್ಲಿಷ್ ಅಕ್ಷರ ಇರುತ್ತೆ. ಕಣ್ಣಿಗೆ ಬೀಳದಷ್ಟು ಸಣ್ಣದು, ಆದ್ರೆ ನನ್ನ 14,500 ಹಾಳಾಗಿದ್ದು ಇಂಥದ್ದೇ ಒಂದು ವಿಷಯ ಗೊತ್ತಿಲ್ಲದೆ.

ಎಫ್ ಅಂತ ಇದ್ದರೆ, ಉದಾಹರಣೆಗೆ ಐ3-9100ಎಫ್, ಆ ಪ್ರೊಸೆಸರ್‌ನಿಂದ ಪರದೆಗೆ ಚಿತ್ರ ಬರಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು. ಆ ಕಾರ್ಡ್ ಹಳೆಯದಾಗಿದ್ದು ಕೆಟ್ಟರೆ ನನ್ನ ಕತೆಯೇ ನಿಮ್ಮದೂ. ಎಎಂಡಿಯಲ್ಲಿ ಇದು ಉಲ್ಟಾ: ರೈಜೆನ್ 1200, 1600, 2600 ಇವಕ್ಕೆ ಕೊನೆಯಲ್ಲಿ ಜಿ ಇಲ್ಲ, ಹಾಗಾಗಿ ಗ್ರಾಫಿಕ್ಸೂ ಇಲ್ಲ. "ಸರ್ವರ್ ಪ್ರೊಸೆಸರ್, ಭಾರೀ ಪವರ್" ಅಂತ ಜಿಯಾನ್ ತೋರಿಸಿದ್ರೂ ಮೊದಲು ಇದನ್ನೇ ಕೇಳಿ, ಅವುಗಳಲ್ಲಿ ಬಹಳಷ್ಟಕ್ಕೆ ಸ್ವಂತ ಗ್ರಾಫಿಕ್ಸ್ ಇರಲ್ಲ.

ಟಿ ಅಂತ ಇದ್ದರೆ ಕಮ್ಮಿ ಕರೆಂಟಿನ ಮಾದರಿ. ಐ5-8500ಕ್ಕೆ 65 ವ್ಯಾಟ್ ಅಂತ ಬರೆದಿದ್ರೆ, ಐ5-8500ಟಿಗೆ 35 ವ್ಯಾಟ್. ಪುಸ್ತಕದ ಗಾತ್ರದ ಪುಟಾಣಿ ಡೆಸ್ಕ್‌ಟಾಪ್‌ಗಳಲ್ಲಿ ಇದೇ ಇರುತ್ತೆ. ವೇಗ ಸ್ವಲ್ಪ ಕಮ್ಮಿ, ನಮ್ಮ ಕೆಲಸಕ್ಕೆ ಗೊತ್ತಾಗಲ್ಲ. ಹಳೇ ತಲೆಮಾರಿನಲ್ಲಿ ಮಾತ್ರ ಒಂದು ಮೋಸ ಇದೆ. ಐ5-4570ರಲ್ಲಿ ನಾಲ್ಕು ಕೋರ್, ಐ5-4570ಟಿಯಲ್ಲಿ ಎರಡೇ ಕೋರ್. ಐ5 ಅನ್ನೋ ಹೆಸರು ಎರಡಕ್ಕೂ ಒಂದೇ!

ಕರೆಂಟಿನ ಮಾತು ಬಂತು. ಹಳ್ಳಿಯಲ್ಲಿ ಇದು ಸಣ್ಣ ವಿಷಯ ಅಲ್ಲ. ಪ್ಲಗ್‌ಗೆ ಹಾಕೋ ವ್ಯಾಟ್ ಮೀಟರ್ ಇಟ್ಟು ನಾನೇ ಅಳೆದೆ. ನನ್ನ ಹಳೇ ಟವರ್ ಏನೂ ಕೆಲಸ ಮಾಡದೆ ಸುಮ್ಮನೆ ಕೂತಾಗ್ಲೂ 90 ವ್ಯಾಟ್ ಆಸುಪಾಸು ಎಳೀತಿತ್ತು, ಮಾನಿಟರ್ ಬಿಟ್ಟು. ಈಗಿರೋ ಎಂಟನೇ ತಲೆಮಾರಿನದು ಅದೇ ಸ್ಥಿತಿಯಲ್ಲಿ 20 ದಾಟಲ್ಲ. ಅದೇ ಯುಪಿಎಸ್, ಅದೇ ಬ್ಯಾಟರಿ; ಮೊದಲು ಕರೆಂಟ್ ಹೋದ್ರೆ ಫೈಲ್ ಸೇವ್ ಮಾಡೋಕೆ ಓಡಬೇಕಿತ್ತು, ಈಗ ಆರಾಮಾಗಿ ಬಿಲ್ ಮುಗಿಸಿ ಏಳ್ತೀನಿ.

ಅಂಗಡಿಯಲ್ಲಿ ನಿಂತಾಗ

ಸ್ಟಿಕ್ಕರ್ ನಂಬ್ಬೇಡಿ. ಸ್ಟಿಕ್ಕರ್ ಬೇರೆ ಕಡೆಯಿಂದ ತಂದು ಅಂಟಿಸಬಹುದು. ಆನ್ ಮಾಡಿಸಿ, ಆನ್ ಆಗೋವಾಗ್ಲೇ ಬಯಾಸ್‌ಗೆ ಹೋಗಿ. ಡೆಲ್ ಆದ್ರೆ ಎಫ್2, ಎಚ್‌ಪಿ ಆದ್ರೆ ಎಫ್10, ಲೆನೊವೊ ಥಿಂಕ್‌ಸೆಂಟರ್ ಆದ್ರೆ ಎಫ್1 ಒತ್ತುತ್ತಾ ಇರಿ. ಅಲ್ಲಿ ಪ್ರೊಸೆಸರ್‌ನ ಪೂರ್ತಿ ಹೆಸರು ಬರುತ್ತೆ. ವಿಂಡೋಸ್ ಒಳಗೆ ಕಾಣಿಸೋ ಹೆಸರನ್ನ ಬದಲಿಸಬಹುದು, ಅದಕ್ಕೇ ಬಯಾಸ್ ನೋಡಿ ಅನ್ನೋದು. ಇನ್ನೊಂದು ಲಾಭವೂ ಇದೆ. ಕಚೇರಿಯಿಂದ ಬಂದ ಯಂತ್ರಗಳಿಗೆ ಕೆಲವು ಸಲ ಬಯಾಸ್ ಪಾಸ್‌ವರ್ಡ್ ಹಾಕಿರ್ತಾರೆ. ಅದು ಕೇಳಿದ್ರೆ, ತೆಗೆಸಿಕೊಡೋವರೆಗೂ ದುಡ್ಡು ಕೊಡ್ಬೇಡಿ, ಆಮೇಲೆ ಏನೂ ಬದಲಿಸೋಕಾಗಲ್ಲ.

ನಂತರ ವಿಂಡೋಸ್ ತೆರೆದು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಪರ್ಫಾರ್ಮೆನ್ಸ್ ಅನ್ನೋ ಪುಟದಲ್ಲಿ ಸಿಪಿಯು ಅಂತ ಇದೆ. ಅಲ್ಲಿ ಕೋರ್ ಎಷ್ಟು ಅಂತ ತೋರಿಸುತ್ತೆ. ಈಗ ನಿಮ್ಮ ಫೋನ್ ತೆಗೆದು ಆ ನಂಬರ್ ಟೈಪ್ ಮಾಡಿ, ಇಂಟೆಲ್‌ನ ಸ್ವಂತ ವೆಬ್‌ಸೈಟ್‌ನ ಪುಟ ತೆರೀರಿ. ಬಿಡುಗಡೆಯಾದ ಕಾಲ, ಕೋರ್ ಸಂಖ್ಯೆ, ಗ್ರಾಫಿಕ್ಸ್ ಇದೆಯೋ ಇಲ್ವೋ, ಎಲ್ಲಾ ಅಲ್ಲಿದೆ. ಎರಡೂ ತಾಳೆಯಾದ್ರೆ ಮಾತು ಮುಂದುವರಿಸಿ. ಅಂಗಡಿಯವನು ಮುಖ ಸಿಂಡರಿಸಿದ್ರೆ ಸಿಂಡರಿಸ್ಲಿ.

ಬರೀ ಫೋಟೋ ನೋಡಿ ಆನ್‌ಲೈನ್‌ನಲ್ಲಿ ಕೊಳ್ಳೋರಿಗೆ ಡಬ್ಬದ ಮಾದರಿ ಸಂಖ್ಯೆ ಸಹಾಯ ಮಾಡುತ್ತೆ. ಡೆಲ್ ಆಪ್ಟಿಪ್ಲೆಕ್ಸ್ 3050 ಅಂದ್ರೆ ಆರು ಅಥವಾ ಏಳನೇ ತಲೆಮಾರು, 3060 ಅಂದ್ರೆ ಎಂಟು. ಎಚ್‌ಪಿ ಎಲೈಟ್‌ಡೆಸ್ಕ್ 800ರಲ್ಲಿ ಜಿ3 ಆರು ಅಥವಾ ಏಳು, ಜಿ4 ಎಂಟನೆಯದರಿಂದ ಶುರು. ಲೆನೊವೊ ಥಿಂಕ್‌ಸೆಂಟರ್ ಎಂ710 ಆರು ಅಥವಾ ಏಳು, ಎಂ720 ಎಂಟನೆಯದರಿಂದ. ನೋಡೋಕೆ ಅಣ್ಣ ತಮ್ಮಂದಿರ ಹಾಗೆ ಒಂದೇ ಥರ ಇರ್ತವೆ.

"ಈಗ ಇದನ್ನ ತಗೊಳ್ಳಿ ಸಾರ್, ಮುಂದೆ ಪ್ರೊಸೆಸರ್ ಒಂದೇ ಬದಲಿಸ್ಕೋಬಹುದು" ಅಂದ್ರೆ ತಲೆ ಅಲ್ಲಾಡಿಸ್ಬೇಡಿ. ಏಳನೇ ತಲೆಮಾರಿನ ಬೋರ್ಡ್‌ನಲ್ಲಿ ಎಂಟನೆಯದು ಓಡಲ್ಲ. ಕೂರಿಸೋ ಜಾಗ ಒಂದೇ ಅಳತೆ ಇದ್ರೂ ಓಡಲ್ಲ. ಅಸೆಂಬಲ್ ಮಾಡಿದ ಟವರ್‌ನಲ್ಲಿ ಹೆಸರಿಲ್ಲದ ಹೊಸ ಬೋರ್ಡ್, ಹೊಸ ಕ್ಯಾಬಿನೆಟ್, ಬಣ್ಣದ ಲೈಟು ಹಾಕಿ ಒಳಗೆ ಎರಡನೇ ತಲೆಮಾರಿನ ಪ್ರೊಸೆಸರ್ ಕೂರಿಸಿರ್ತಾರೆ. ಅದಕ್ಕಿಂತ ಕಂಪನಿ ಬ್ರಾಂಡಿನ ಬಣ್ಣಗೆಟ್ಟ ಡಬ್ಬವೇ ವಾಸಿ.

ರ್‍ಯಾಮ್ 8 ಜಿಬಿ, ಡಿಸ್ಕ್ ಎಸ್‌ಎಸ್‌ಡಿ ಇರಲಿ. ಎಸ್‌ಎಸ್‌ಡಿ ಇಲ್ಲದಿದ್ರೆ ಎಂಟನೇ ತಲೆಮಾರೂ ಕತ್ತೆಯ ಹಾಗೆ ನಿಂತುಬಿಡುತ್ತೆ, ಅದರ ಬೆಲೆ ಸೇರಿಸಿಯೇ ಚೌಕಾಸಿ ಮಾಡಿ. ನಾಲ್ಕನೇ ತಲೆಮಾರಿನವರೆಗಿನವು ಡಿಡಿಆರ್3, ಆರನೆಯದರಿಂದ ಹೆಚ್ಚಿನವು ಡಿಡಿಆರ್4 ರ್‍ಯಾಮ್. ಒಂದರದ್ದು ಇನ್ನೊಂದಕ್ಕೆ ಹಿಡಿಯಲ್ಲ.

ಹುಡುಗನ ಕಂಪ್ಯೂಟರ್

ಮೊದಲು ಆ 9,000ದ ಮಾರಾಟಗಾರನಿಗೆ ಬಯಾಸ್ ಪರದೆಯ ಫೋಟೋ ಕಳಿಸೋಕೆ ಹೇಳಿಸಿದೆ. ಎರಡು ದಿನ ಸತಾಯಿಸಿ ಕಳಿಸಿದ: ಐ7-2600. ಹುಟ್ಟಿದ್ದು 2011. ತನ್ನ ಕಾಲಕ್ಕೆ ಗಟ್ಟಿ ಪ್ರೊಸೆಸರ್, ಅದರಲ್ಲಿ ಎರಡು ಮಾತಿಲ್ಲ, ಈಗ್ಲೂ ಲೆಕ್ಕಪತ್ರಕ್ಕೆ ಓಡುತ್ತೆ. 3,000ಕ್ಕೆ ಕೊಟ್ಟಿದ್ರೆ ಮಾಡಿ ಅನ್ನಬಹುದಿತ್ತು. 9,000ಕ್ಕಲ್ಲ. "ಐ7 ಅಲ್ವಾ ಬ್ರದರ್" ಅಂತ ಅವನು ಮೂರು ಸಲ ಮೆಸೇಜ್ ಹಾಕಿದ.

ಮುಂದಿನ ಶನಿವಾರ ಇಬ್ಬರೂ ಬಸ್ ಹತ್ತಿ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದ್ವಿ. ನಾಲ್ಕು ಅಂಗಡಿ ಸುತ್ತಿದ್ವಿ. ನಾನು ಬೇಕಂತಲೇ ಬಾಯಿ ಮುಚ್ಕೊಂಡು ಹಿಂದೆ ನಿಂತಿದ್ದೆ. ಹುಡುಗನೇ ಎಫ್2 ಒತ್ತಿ, ಫೋನಲ್ಲಿ ನಂಬರ್ ತಾಳೆ ನೋಡಿ, ಒಂದು ಕಡೆ ಎಫ್ ಅಕ್ಷರ ಕಂಡು "ಇದಕ್ಕೆ ಕಾರ್ಡ್ ಬೇಕಲ್ವಾ?" ಅಂತ ಕೇಳಿದ. ಕೊನೆಗೆ ಐ5-8500 ಇರೋ ಒಂದು ಸಣ್ಣ ಡಬ್ಬ, 8 ಜಿಬಿ ರ್‍ಯಾಮ್, 256 ಜಿಬಿ ಎಸ್‌ಎಸ್‌ಡಿ, 12,500ಕ್ಕೆ ಕುದುರಿತು. ಒಂದು ತಿಂಗಳ ವಾರಂಟಿ ಬಿಲ್ ಮೇಲೇ ಬರೆಸಿಕೊಂಡ್ವಿ, ಪ್ರೊಸೆಸರ್ ನಂಬರ್ ಸಮೇತ. ಬಿಲ್‌ನಲ್ಲಿ ಬರೀ "ಐ5 ಸಿಸ್ಟಮ್" ಅಂತ ಬರೆದಿದ್ರು, ತಿದ್ದಿಸಿದ್ವಿ.

ಒಂದು ವಿಷಯ ನನಗೂ ಹೊಳೆದಿರಲಿಲ್ಲ. ಅವರ ಚಿಕ್ಕಪ್ಪನ ಮನೆಯಲ್ಲಿದ್ದ ಹಳೇ ಮಾನಿಟರ್‌ಗೆ ವಿಜಿಎ ಕೇಬಲ್ ಮಾತ್ರ, ಹೊಸ ಡಬ್ಬದಲ್ಲಿ ಆ ತೂತೇ ಇಲ್ಲ. ಮಾರನೇ ದಿನ ಮತ್ತೆ ತಾಲೂಕಿಗೆ ಹೋಗಿ 350 ರೂಪಾಯಿ ಕೊಟ್ಟು ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸೋ ಕನ್ವರ್ಟರ್ ತಂದ. ನೀವು ಹೋಗೋವಾಗ ಮಾನಿಟರ್‌ನ ಹಿಂಭಾಗದ ಒಂದು ಫೋಟೋ ಫೋನಲ್ಲಿ ಇಟ್ಕೊಂಡೇ ಹೋಗಿ.

ಈಗ ಅವನ ನರ್ಸರಿಯ ಲೆಕ್ಕ ಅದರಲ್ಲೇ. ನನ್ನ ಐ7-860 ಅಟ್ಟದ ಮೇಲಿದೆ, ಗುಜರಿಯವನು ಬಂದಾಗ ಕೊಡಬೇಕು. ಅದರ ಫ್ಯಾನ್ ಎರಡು ಬಿಚ್ಚಿ 12 ವೋಲ್ಟ್ ಅಡಾಪ್ಟರ್ ಹಾಕಿ, ನಾಟಿ ಬದನೆ, ಟೊಮೆಟೊ ಬೀಜ ನೆರಳಲ್ಲಿ ಒಣಗಿಸೋ ಪೆಟ್ಟಿಗೆಗೆ ಕೂರಿಸಿದೀನಿ. ಅವು ಮಾತ್ರ ಚೆನ್ನಾಗಿ ಓಡ್ತಿವೆ.